ಗೇರ್ ಗಾಡಿನೋ ಆಟೋಮ್ಯಾಟಿಕ್ಕೋ: ಚಿಕ್ಕೋಡಿ ಕಡೆಯ ಜಗಳ

 

ಅಥಣಿಯಿಂದ ಒಬ್ಬ ತಮ್ಮ ವಾಯ್ಸ್ ನೋಟ್ ಕಳಿಸಿದ್ದ. ಹಂಗಾ ಹೇಳ್ತೀನಿ ಕೇಳ್ರಿ: "ಅಕ್ಕಾ, ಮನ್ಯಾಗ ಹೊಸಾ ಗಾಡಿ ತಗೋಬೇಕಂತ ಮಾಡೇವಿ. ನಾ ಆಟೋಮ್ಯಾಟಿಕ್ ಅನ್ನಾಕತ್ತೀನಿ, ಅಪ್ಪ ಗೇರ್ ಗಾಡಿ ಅನ್ನಾಕತ್ತಾನ. ಕಾಕಾ ಅಂತೂ ಲೇಡೀಸ್ ಗಾಡಿ ತಂದ್ರ ಅಂಗಳದಾಗ ಹಚ್ಚಾಕ ಬಿಡಂಗಿಲ್ಲ ಅಂತಾನ. ನೀವಾ ಹೇಳ್ರಿ."

ನಾನು ಓದಿದ್ದು ಬಿ.ಕಾಂ. ಗಾಡಿ ರಿಪೇರಿ ಮಾಡೋಳಲ್ಲ, ಇಂಜಿನಿಯರೂ ಅಲ್ಲ. ಆದರೆ ಹನ್ನೊಂದು ವರ್ಷದಿಂದ ಈ ಭಾಗದ ರಸ್ತೆಯ ಮೇಲೆ ಗಾಡಿ ಓಡಿಸಿದ್ದೇನೆ, ಎರಡೂ ಥರದ್ದು. ಲೆಕ್ಕ ಹಾಕೋದು ಬರುತ್ತೆ. ಅಷ್ಟು ಬಂಡವಾಳದ ಮೇಲೆ ಇವತ್ತಿನ ಮಾತು.

ಮೊದಲು ರಸ್ತೆ ನೋಡೋಣ. ಗಾಡಿ ಶೋರೂಮಿನಲ್ಲಿ ಓಡಂಗಿಲ್ಲ, ರಸ್ತೆ ಮೇಲೆ ಓಡತೈತಿ. ಬೆಂಗಳೂರಿನವರು ಆಟೋಮ್ಯಾಟಿಕ್ ಯಾಕೆ ತಗೋತಾರೆ ಅನ್ನೋದು ಸಿಲ್ಕ್ ಬೋರ್ಡ್ ಹತ್ತಿರ ಸಂಜೆ ಆರಕ್ಕೆ ನಿಂತರೆ ಗೊತ್ತಾಗುತ್ತೆ. ಒಂದು ತಾಸಿನಲ್ಲಿ ಕ್ಲಚ್ ಎಷ್ಟು ಸಲ ತುಳಿದೆ ಅಂತ ಎಣಿಸೋಕೂ ಆಗಲ್ಲ. ನಮ್ಮ ಕಡೆ ಆ ಟ್ರಾಫಿಕ್ ಇಲ್ಲ. ನಿಪ್ಪಾಣಿ ಪುಣೆ-ಬೆಂಗಳೂರು ಹೆದ್ದಾರಿ ಮೇಲೆಯೇ ಕೂತಿದೆ, ಹಿಂದೆ ಎನ್‌ಎಚ್ 4 ಅಂತಿದ್ದರು, ಈಗ 48. ಒಂದು ಕಡೆ ಕೊಗನೊಳಿ ಟೋಲ್, ಇನ್ನೊಂದು ಕಡೆ ತವಂದಿ ಘಾಟ್. ಸಂಕೇಶ್ವರದಿಂದ ಚಿಕ್ಕೋಡಿ, ಅಥಣಿ ಮೇಲೆ ವಿಜಯಪುರದ ಕಡೆ ಹೋಗೋ ರಸ್ತೆ ಇನ್ನೊಂದು. ಅದು ಬಿಟ್ಟರೆ ರಾಯಬಾಗ, ಕುಡಚಿ, ಉಗಾರ, ಕಾಗವಾಡ, ಎಲ್ಲಾ ಕಬ್ಬಿನ ನಡುವಿನ ದಾರಿಗಳು. ಹೊಳೆಸಾಲಿನ ಊರಿನವರಿಗೆ ಬ್ರಿಜ್ ಮುಳುಗಿದರೆ ಇಪ್ಪತ್ತು ಕಿಲೋಮೀಟರ್ ಸುತ್ತು ಬೇರೆ. 2019ರಲ್ಲಿ ನೋಡಿದಿವಿ, 2021ರಲ್ಲೂ ನೋಡಿದಿವಿ.

ನಮ್ಮ ಟ್ರಾಫಿಕ್ ಅಂದ್ರೆ ಕಬ್ಬಿನ ಟ್ರ್ಯಾಕ್ಟರ್. ಅಕ್ಟೋಬರ್-ನವೆಂಬರ್‌ಗೆ ಫ್ಯಾಕ್ಟರಿ ಚಾಲು ಆಯ್ತು ಅಂದ್ರ ಮುಗೀತು. ಒಂದು ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್, ಮೇಲೆ ಮಾಡಿನಷ್ಟು ಎತ್ತರ ಕಬ್ಬು, ಟೇಪ್ ರಿಕಾರ್ಡ್ ಹಾಡು ಅರ್ಧ ಕಿಲೋಮೀಟರ್ ದೂರಕ್ಕೆ ಕೇಳುತ್ತೆ, ಹಿಂದಿನ ಕೆಂಪು ಲೈಟ್ ಮಾತ್ರ ಕಾಣಂಗಿಲ್ಲ. ಅದರ ಹಿಂದೆ ಹದಿನೈದರ ಸ್ಪೀಡಿನಲ್ಲಿ ಸೆಕೆಂಡ್ ಗೇರ್, ಫಸ್ಟ್ ಗೇರ್, ಮತ್ತ ಸೆಕೆಂಡ್. ಉಗಾರದ ಫ್ಯಾಕ್ಟರಿ ಗೇಟಿನ ಹತ್ತಿರ ಸಾಲು ಹಚ್ಚಿದಾಗ ಹೋಗಿ ನೋಡ್ರಿ, ಸಿಲ್ಕ್ ಬೋರ್ಡ್ ಏನೂ ದೊಡ್ಡದಲ್ಲ ಅನ್ನಿಸುತ್ತೆ. ಹಂಗಾಗಿ "ನಮ್ಮ ಕಡೆ ಟ್ರಾಫಿಕ್ ಇಲ್ಲ, ಆಟೋಮ್ಯಾಟಿಕ್ ಯಾಕ ಬೇಕು" ಅನ್ನೋ ಮಾತು ವರ್ಷದ ಆರೇಳು ತಿಂಗಳಿಗೆ ಮಾತ್ರ ಖರೆ.

ಹಂಗಾದ್ರ ನಮ್ಮ ಮಂದಿಗೆ ಗೇರ್ ಗಾಡಿ ಮೇಲೆ ಇಷ್ಟು ಪ್ರೀತಿ ಯಾಕೆ?

ನನಗನ್ನಿಸೋದು, ಇದರ ಬೇರು ಟ್ರ್ಯಾಕ್ಟರ್‌ನಲ್ಲಿದೆ. ನಮ್ಮ ಕಡೆ ಹುಡುಗರು ಡ್ರೈವಿಂಗ್ ಕಲಿಯೋದು ಸ್ಕೂಲಿನಲ್ಲಿ ಅಲ್ಲ, ಹೊಲದಲ್ಲಿ. ಅಪ್ಪನ ತೊಡೆ ಮೇಲೆ ಕೂತು ಸ್ಟೇರಿಂಗ್ ಹಿಡಿಯೋದು, ಆಮೇಲೆ ಕಾಲು ಎಟುಕಿದ ದಿನ ಕ್ಲಚ್ ಒತ್ತೋದು. ಹದಿನೆಂಟು ತುಂಬೋಕೆ ಮೊದಲೇ ಹಾಫ್ ಕ್ಲಚ್ ಅಂದ್ರೆ ಏನು ಅಂತ ಕಾಲಿಗೆ ಗೊತ್ತಿರುತ್ತೆ. ಅದು ಕಾನೂನಿಗೆ ಒಪ್ಪೋ ಮಾತಲ್ಲ, ಆದರೆ ನಡೆಯೋದು ಹಿಂಗ. ಅಂಥವನಿಗೆ "ಕ್ಲಚ್ ಇಲ್ಲದ ಗಾಡಿ ಆರಾಮ" ಅಂದ್ರೆ, ಈಜು ಬರೋನಿಗೆ ಟ್ಯೂಬ್ ಕೊಟ್ಟಂಗ ಆಗುತ್ತೆ. ಆದರೆ ಒಂದು ಗಮನಿಸ್ರಿ. ಅದೇ ಮನೆಯ ಹುಡುಗಿಯನ್ನು ಯಾರೂ ತೊಡೆ ಮೇಲೆ ಕೂಡಿಸ್ಕೊಂಡು ಸ್ಟೇರಿಂಗ್ ಕೊಡಲ್ಲ. ಅವಳು ಕ್ಲಚ್ ನೋಡೋದು ಇಪ್ಪತ್ತೆರಡಕ್ಕೋ ಇಪ್ಪತ್ತೈದಕ್ಕೋ, ಡ್ರೈವಿಂಗ್ ಸ್ಕೂಲಿನ ಗಾಡಿಯಲ್ಲಿ, ಇಪ್ಪತ್ತು-ಮೂವತ್ತು ದಿನ. ಆಮೇಲೆ "ಹೆಣ್ಮಕ್ಕಳಿಗೆ ಗೇರ್ ಬರಂಗಿಲ್ಲ" ಅಂತ ನಾವೇ ಹೇಳ್ತೀವಿ. ಹತ್ತು ವರ್ಷ ಪ್ರಾಕ್ಟೀಸ್ ಮಾಡಿದವನನ್ನೂ ಒಂದು ತಿಂಗಳು ಕಲಿತವಳನ್ನೂ ಒಂದೇ ತಕ್ಕಡಿಯಲ್ಲಿ ತೂಗೋದು.

ಎರಡನೇ ಕಾರಣ ಮಿಸ್ತ್ರಿ. ಬೊಲೆರೋ 2000ದಲ್ಲಿ ಬಂತು, ಇವತ್ತಿಗೂ ಗೇರ್ ಗಾಡಿನೇ. ಅದನ್ನ ಬಿಚ್ಚಿ ಕೂಡಿಸೋ ಮಿಸ್ತ್ರಿ ಪ್ರತಿ ದೊಡ್ಡ ಊರಿನಲ್ಲಿ ಇದ್ದಾನೆ. ಕ್ಲಚ್ ಪ್ಲೇಟ್ ಹೋದರೆ ಬೆಳಿಗ್ಗೆ ಬಿಟ್ಟು ಸಂಜೆ ತರಬಹುದು. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೈ ಕೊಟ್ಟರೆ ಬೆಳಗಾವಿ ಇಲ್ಲಾ ಕೊಲ್ಲಾಪುರ. ಈ ಭಯ ಸುಳ್ಳಲ್ಲ.

ಮೂರನೇದು ನೂಕೋದು. ಬ್ಯಾಟರಿ ಇಳಿದರೆ ಗೇರ್ ಗಾಡಿಯನ್ನ ನಾಲ್ಕು ಮಂದಿ ನೂಕಿ, ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಚಾಲು. ಆಟೋಮ್ಯಾಟಿಕ್‌ನಲ್ಲಿ ಆ ಆಟ ನಡೆಯಲ್ಲ. ಜಂಪರ್ ಕೇಬಲ್ ಬೇಕು. ಆರುನೂರು-ಏಳುನೂರು ರೂಪಾಯಿಗೆ ಸಿಗುತ್ತೆ, ಡಿಕ್ಕಿಯಲ್ಲಿ ಬಿದ್ದಿರಲಿ.

ಈಗ ಆಟೋಮ್ಯಾಟಿಕ್ ಅಂದ್ರೆ ಏನು ಅಂತ ಸ್ವಲ್ಪ ಬಿಡಿಸೋಣ. ನಮ್ಮ ಕಡೆ ಎಲ್ಲದಕ್ಕೂ "ಆಟೋಮ್ಯಾಟಿಕ್" ಅಂತ ಒಂದೇ ಹೆಸರು. ಒಳಗೆ ನಾಲ್ಕು ಬೇರೆ ಬೇರೆ ಜಾತಿ.

ನಮಗೆ ಜಾಸ್ತಿ ಬೇಕಾದ್ದು ಎಎಂಟಿ. 2014ರಲ್ಲಿ ಮಾರುತಿ ಸೆಲೆರಿಯೋದಲ್ಲಿ ಬಂತು, ಕಡಿಮೆ ರೇಟಿನ ಗಾಡಿಗೆ ಆಟೋಮ್ಯಾಟಿಕ್ ಸಿಗೋಕೆ ಶುರುವಾಗಿದ್ದೇ ಅಲ್ಲಿಂದ. ಇದರೊಳಗಿರೋದು ನಿಮ್ಮ ಗೇರ್ ಗಾಡಿಯ ಗೇರ್‌ಬಾಕ್ಸೇ. ಕ್ಲಚ್ ಪ್ಲೇಟೂ ಅದೇ. ಫರಕ್ ಇಷ್ಟೇ, ಕ್ಲಚ್ ಒತ್ತೋದು ನಿಮ್ಮ ಕಾಲಲ್ಲ, ಗೇರ್ ಹಾಕೋದು ನಿಮ್ಮ ಕೈಯಲ್ಲ. ಕಂಪ್ಯೂಟರಿನ ಮಾತು ಕೇಳಿ ಒಂದು ಯಂತ್ರ ಎರಡನ್ನೂ ಮಾಡುತ್ತೆ. ಗಾಡಿಯೊಳಗೆ ಒಬ್ಬ ಕಾಣದ ಡ್ರೈವರ್ ಕೂತಂಗ. ಆದರೆ ಆತ ಹೊಸಬ. ಗೇರ್ ಬದಲಿಸುವಾಗ ಒಂದು ಕ್ಷಣ ತಡೀತಾನೆ, ತಲೆ ಸ್ವಲ್ಪ ಮುಂದೆ ಬಗ್ಗಿದಂಗ ಆಗುತ್ತೆ. ಕಲ್ಲು ರಸ್ತೆಗೆ ರೂಢಿಯಾದ ನಮಗೆ ಅದೇನು ದೊಡ್ಡದಲ್ಲ.

ಉಳಿದವನ್ನ ಜಲ್ದಿ ಹೇಳ್ತೀನಿ. ಸಿವಿಟಿಯಲ್ಲಿ ಹಲ್ಲಿನ ಗೇರ್ ಇಲ್ಲ, ಬೆಲ್ಟ್ ಮತ್ತು ಪುಲ್ಲಿ. ಮೆತ್ತಗೆ ಹೋಗುತ್ತೆ, ಜೋರಾಗಿ ಒತ್ತಿದರೆ ಸದ್ದು ಮೊದಲು ಬರುತ್ತೆ, ಸ್ಪೀಡ್ ಆಮೇಲೆ. ಟಾರ್ಕ್ ಕನ್ವರ್ಟರ್‌ನಲ್ಲಿ ಕ್ಲಚ್ ಪ್ಲೇಟಿನ ಜಾಗದಲ್ಲಿ ಎಣ್ಣೆ ಕೆಲಸ ಮಾಡುತ್ತೆ, ಘಾಟಿಗೆ, ಭಾರಕ್ಕೆ ಗಟ್ಟಿ, ರೇಟೂ ಗಟ್ಟಿ. ಡಿಸಿಟಿಯಲ್ಲಿ ಎರಡು ಕ್ಲಚ್, ಬಹಳ ಚುರುಕು, ಆದರೆ ಒಣ ಕ್ಲಚ್ಚಿನ ಡಿಸಿಟಿ ತೆವಳೋ ಟ್ರಾಫಿಕ್‌ನಲ್ಲಿ ಬಿಸಿಯಾಗುತ್ತೆ. ಕಬ್ಬಿನ ಸೀಸನ್ನಿನ ಮಂದಿ ಇದನ್ನ ನೆನಪಿಡ್ರಿ. ಶೋರೂಮಿಗೆ ಹೋದಾಗ "ಆಟೋಮ್ಯಾಟಿಕ್ ಐತೇನ್ರಿ" ಅಂತ ಕೇಳಬ್ಯಾಡ್ರಿ, "ಯಾವ ಆಟೋಮ್ಯಾಟಿಕ್" ಅಂತ ಕೇಳ್ರಿ.

ಎವರೇಜ್ ಬಗ್ಗೆ ಅಪ್ಪಂದಿರ ತಲೆಯಲ್ಲಿ ಹಳೇ ಲೆಕ್ಕ ಕೂತಿದೆ. ಆಟೋಮ್ಯಾಟಿಕ್ ಪೆಟ್ರೋಲ್ ಕುಡೀತೈತಿ ಅಂತ. ಹಳೇ ಟಾರ್ಕ್ ಕನ್ವರ್ಟರ್ ಗಾಡಿಗಳಿಗೆ ಅದು ಖರೆ ಇತ್ತು. 2024ರ ಹೊಸ ಸ್ವಿಫ್ಟ್ ನೋಡ್ರಿ, ಕಂಪನಿ ಹೇಳೋ ಲೆಕ್ಕದಲ್ಲಿ ಗೇರ್ ಗಾಡಿ ಲೀಟರಿಗೆ 24.80, ಎಎಂಟಿ 25.75. ರಸ್ತೆ ಮೇಲೆ ಎರಡೂ ಅಷ್ಟು ಕೊಡಲ್ಲ, ಅದು ಎಲ್ಲಾರಿಗೂ ಗೊತ್ತು. ಆದರೆ ಎರಡರ ನಡುವೆ ಜಗಳ ಆಡೋವಷ್ಟು ಅಂತರ ಉಳಿದಿಲ್ಲ.

ಇನ್ನ ರೊಕ್ಕ. ಇಲ್ಲಿ ನನ್ನ ಬಿ.ಕಾಂ. ಬುದ್ಧಿ ಬಿಡಂಗಿಲ್ಲ. ಸಣ್ಣ ಗಾಡಿಯಲ್ಲಿ ಗೇರ್‌ಗಿಂತ ಎಎಂಟಿಗೆ ಸುಮಾರು ಅರ್ಧ ಲಕ್ಷ ಜಾಸ್ತಿ. 55,000 ಅಂತ ಹಿಡಿಯೋಣ. ಸಾಲದಲ್ಲಿ ತಗೊಂಡ್ರೆ, ಶೇಕಡಾ 9ರ ಬಡ್ಡಿ, ಐದು ವರ್ಷ, ತಿಂಗಳಿಗೆ ಸುಮಾರು 1,140 ರೂಪಾಯಿ ಕಂತು ಜಾಸ್ತಿ ಬೀಳುತ್ತೆ. ನಮ್ಮ ಕಡೆ ಯಾರೂ ತಿಂಗಳ ಲೆಕ್ಕ ಹಾಕಲ್ಲ, ಕಬ್ಬಿನ ಬಿಲ್ ಲೆಕ್ಕ ಹಾಕ್ತಾರೆ. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸಿನ ಹೋರಾಟ ಆದಮೇಲೆ ಟನ್ನಿಗೆ 3,300 ಅಂತ ಘೋಷಣೆ ಆಯ್ತಲ್ಲ, ಆ ರೇಟಿನಲ್ಲಿ 55,000 ಅಂದ್ರೆ ಹತ್ರ ಹತ್ರ 17 ಟನ್ ಕಬ್ಬು. ಕಡಿಯೋ ಕೂಲಿ, ಗೊಬ್ಬರ, ನೀರು ಎಲ್ಲಾ ಕಳೆದ ಮೇಲೆ ಅಲ್ರಿ, ಬಿಲ್ಲಿನ ಮೇಲಿನ ಲೆಕ್ಕ. ಖರ್ಚು ಕಳೆದರೆ ಇನ್ನೂ ಜಾಸ್ತಿ ಟನ್ ಆಗುತ್ತೆ. ಕಾಕಾ ಸಿಟ್ಟಾಗೋದರಲ್ಲಿ ತಪ್ಪೇನಿಲ್ಲ. ಎಡಗಾಲಿಗೆ ರೆಸ್ಟ್ ಕೊಡೋಕೆ 17 ಟನ್ ಕಬ್ಬು ಯಾಕ ಕೊಡಬೇಕು ಅಂತ ಅವರು ಕೇಳಿದರೆ, ನ್ಯಾಯವಾದ ಪ್ರಶ್ನೆ. ದೊಡ್ಡ ಗಾಡಿಗೆ ಹೋದರೆ ಅಂತರ ಲಕ್ಷ ದಾಟುತ್ತೆ.

ಆದರೆ ಎಡಗಾಲಿನ ರೆಸ್ಟ್ ಒಂದೇ ಅಲ್ಲ ವಿಷಯ. ಅದಕ್ಕ ಈ ಎಪಿಸೋಡ್ ಮಾಡಬೇಕನ್ನಿಸಿದ್ದು.

ನನ್ನ ಸೋದರಮಾವ ಕಾಗವಾಡ ತಾಲೂಕಿನವರು. ತೋಟದ ಮನೆ, ಊರಿಂದ ಎರಡೂವರೆ ಕಿಲೋಮೀಟರ್ ಒಳಗೆ. ಮಗ ಪುಣೆಯಲ್ಲಿ. ಮನೆಯಲ್ಲಿ ಮಾಮಾ, ಅತ್ತಿ, ಮತ್ತೆ ಎಂಬತ್ತು ದಾಟಿದ ಅಜ್ಜಿ. ಶೆಡ್ಡಿನಲ್ಲಿ ಒಂದು ಗಾಡಿ, ಗೇರ್‌ದು. ಅತ್ತಿ ಹತ್ರ ಲೈಸೆನ್ಸ್ ಇತ್ತು. ಚಿಕ್ಕೋಡಿ ಆರ್‌ಟಿಓದ್ದು, ಕೆಎ 23, ಫೋಟೋದಲ್ಲಿ ನಗ್ತಾ ಇದ್ದಾರೆ ಕೂಡ. ಆದರೆ ನಾಲ್ಕು ವರ್ಷದಿಂದ ಗಾಡಿ ಮುಟ್ಟಿರಲಿಲ್ಲ. ತೋಟದ ದಾರಿಯಿಂದ ಡಾಂಬರ್ ರಸ್ತೆಗೆ ಏರೋ ಜಾಗದಲ್ಲಿ ಒಂದು ಏರು ಇದೆ, ಅಲ್ಲಿ ಪ್ರತಿ ಸಲ ಗಾಡಿ ಬಂದ್ ಆಗೋದು, ಹಿಂದಕ್ಕೆ ಜಾರೋದು. ಎರಡು ಸಲ ಹಿಂದೆ ಬಂದ ಬೈಕಿನವರು ಬಾಯಿಗೆ ಬಂದಂಗ ಅಂದರು. ಮೂರನೇ ಸಲ ಅತ್ತಿ ಚಾವಿಯನ್ನ ಗೂಟಕ್ಕೆ ಹಾಕಿ, "ಸಾಕ ಬಿಡ್ರಿ" ಅಂದರು.

ಒಂದು ರಾತ್ರಿ ಎರಡು ಗಂಟೆಗೆ ಮಾಮಾಗೆ ಎದೆ ನೋವು ಬಂತು. ಮಿರಜ್ ಅಲ್ಲಿಂದ ಅರ್ಧ ತಾಸಿನ ದಾರಿ. ನಮ್ಮ ಆ ಕಡೆಯ ಮಂದಿಗೆ ದವಾಖಾನೆ ಅಂದ್ರೆ ಮಿರಜ್, ಅದು ಎಷ್ಟೋ ತಲೆಮಾರಿನಿಂದ ಹಂಗೇ. ಆಂಬುಲೆನ್ಸಿಗೆ ಫೋನ್ ಮಾಡಿ ಕಬ್ಬಿನ ನಡುವಿನ ತೋಟದ ದಾರಿ ಹೇಳೋದು ಹೆಂಗ? "ಅಲ್ಲಿ ಬೇವಿನ ಗಿಡ ಐತಿ, ಅಲ್ಲಿಂದ ಎಡಕ್ಕ" ಅಂತ ಹೇಳಬೇಕು, ರಾತ್ರಿ ಗಿಡ ಎಲ್ಲಿ ಕಾಣಬೇಕು. ಅತ್ತಿ ಊರೊಳಗಿನ ತಮ್ಮನ ಮಗನಿಗೆ ಫೋನ್ ಹಚ್ಚಿದರು. ಅವನು ಎದ್ದು, ಬೈಕ್ ಮೇಲೆ ಬಂದು, ಶೆಡ್ಡಿನ ಗಾಡಿ ತೆಗೆಯೋ ಹೊತ್ತಿಗೆ ನಲವತ್ತು ನಿಮಿಷ. ಆ ನಲವತ್ತು ನಿಮಿಷ ಅತ್ತಿ ಗಾಡಿ ಪಕ್ಕದಲ್ಲೇ ಚಾವಿ ಹಿಡ್ಕೊಂಡು ನಿಂತಿದ್ದರು. ನನಗೆ ಆಮೇಲೆ ಹೇಳಿದ್ದು ಇಷ್ಟು: "ಏರ ಒಂದ ಕಣ್ಮುಂದ ಬರಾಕತ್ತಿತ್ತವಾ. ನಟ್ಟ ನಡುವ ಬಂದ್ ಬಿದ್ರ, ಇವ್ರನ್ನ ಹಿಂದ ಮಲಗಿಸಿಕೊಂಡ ಏನ್ ಮಾಡ್ಲಿ?"

ಮಾಮಾ ಉಳಿದರು. ಸ್ಟೆಂಟ್ ಹಾಕಿದ್ದಾರೆ, ಈಗ ಬೆಳಿಗ್ಗೆ ವಾಕಿಂಗ್ ಹೋಗ್ತಾರೆ, ಚಹಾಕ್ಕೆ ಸಕ್ಕರೆ ಕೇಳಿ ಬೈಸಿಕೊಳ್ತಾರೆ. ದವಾಖಾನೆಯಿಂದ ಬಂದ ಎರಡು ತಿಂಗಳಿಗೆ ಗೇರ್ ಗಾಡಿ ಮಾರಿ ಎಎಂಟಿ ತಂದರು. ತಂದವರು ಮಾಮಾನೇ. ಅತ್ತಿ ಎಂಟು ದಿನ ತೋಟದ ದಾರಿಯಲ್ಲೇ ಹೋಗಿ ಬಂದರು, ಒಂಬತ್ತನೇ ದಿನ ಆ ಏರು ಹತ್ತಿದರು. ಈಗ ಚೆಕಪ್ಪಿಗೆ ಮಿರಜ್‌ಗೆ ಕರ್ಕೊಂಡು ಹೋಗೋದು ಅವರೇ. ಮಾಮಾ ಪಕ್ಕದಲ್ಲಿ ಕೂತು "ಹಾರ್ನ್ ಹೊಡಿ, ಹಾರ್ನ್ ಹೊಡಿ" ಅಂತಾರಂತೆ.

ಲೆಕ್ಕ ಪುಸ್ತಕದಲ್ಲಿ ಆ ನಲವತ್ತು ನಿಮಿಷಕ್ಕೆ ಯಾವ ಕಾಲಂ ಇಡಬೇಕೋ ನನಗೆ ಗೊತ್ತಿಲ್ಲ. ನಮ್ಮ ತೋಟದ ಮನೆಗಳ ಸ್ಥಿತಿ ನೋಡ್ರಿ. ಮಕ್ಕಳು ಪುಣೆ, ಬೆಂಗಳೂರು. ಮನೆಯಲ್ಲಿ ಅರವತ್ತು ದಾಟಿದ ಗಂಡ-ಹೆಂಡತಿ, ಒಂದು ಗಾಡಿ, ಅದನ್ನ ಓಡಿಸೋಕೆ ಬರೋದು ಒಬ್ಬರಿಗೆ. ಆ ಒಬ್ಬರಿಗೇ ಮೊಣಕಾಲು ನೋವು, ಆ ಒಬ್ಬರಿಗೇ ಬಿಪಿ. ಗಾಡಿ ಆರಿಸುವಾಗ "ನನಗೆ ಯಾವುದು ಮಜಾ" ಅಂತ ಕೇಳೋದಕ್ಕಿಂತ "ಮನೆಯಲ್ಲಿ ಎಷ್ಟು ಮಂದಿ ಇದನ್ನ ಓಡಿಸಬಹುದು" ಅಂತ ಎಣಿಸಬೇಕು ಅಂತ ನನ್ನ ವಾದ. ಎಡಗಾಲಿಗೆ ಪೋಲಿಯೋ ಆದವರು, ಅಪಘಾತದಲ್ಲಿ ಎಡಗಾಲಿನ ಶಕ್ತಿ ಹೋದವರು, ಇವರಿಗೆ ಆಟೋಮ್ಯಾಟಿಕ್ ಆರಾಮದ ಮಾತಲ್ಲ, ಓಡಿಸೋಕೆ ಆಗುತ್ತೋ ಇಲ್ಲವೋ ಅನ್ನೋ ಮಾತು.

ಕಾನೂನಿನ ಬಗ್ಗೆ ಮೂರು ಮಂದಿ ಕೇಳಿದ್ದಾರೆ. ಆಟೋಮ್ಯಾಟಿಕ್‌ಗೆ ಬೇರೆ ಲೈಸೆನ್ಸ್ ಬೇಕಾ? ಬೇಡ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ದ್ವಿಚಕ್ರಕ್ಕೆ ಮಾತ್ರ ಗೇರ್ ಇರೋದು, ಗೇರ್ ಇಲ್ಲದ್ದು ಅಂತ ಬೇರೆ ಬೇರೆ ಇದೆ. ಕಾರಿಗೆ ಎಲ್‌ಎಂವಿ ಅಂತ ಒಂದೇ. ಬ್ರಿಟನ್ನಿನಲ್ಲಿ ಹಂಗಿಲ್ಲ, ಆಟೋಮ್ಯಾಟಿಕ್‌ನಲ್ಲಿ ಟೆಸ್ಟ್ ಕೊಟ್ಟರೆ ಆಟೋಮ್ಯಾಟಿಕ್ ಮಾತ್ರ ಓಡಿಸಬೇಕು. ಜಪಾನಿನಲ್ಲೂ 1991ರಿಂದ ಆಟೋಮ್ಯಾಟಿಕ್‌ಗಷ್ಟೇ ಅಂತ ಬೇರೆ ಲೈಸೆನ್ಸ್ ಇದೆ. ಅಮೆರಿಕದವರಂತೂ 1939ರಲ್ಲೇ ಜನರಲ್ ಮೋಟರ್ಸ್‌ನ ಹೈಡ್ರಾಮ್ಯಾಟಿಕ್ ತಂದು ಕೂತರು, ಈಗ ಅಲ್ಲಿ ಹೊಸ ಗಾಡಿಗಳಲ್ಲಿ ಗೇರ್‌ದು ನೂರಕ್ಕೆ ಒಂದೆರಡು ಸಿಕ್ಕರೆ ಹೆಚ್ಚು. ನಿಪ್ಪಾಣಿಯ ಒಬ್ಬ ಗೆಳತಿ ಅಲ್ಲೇ ಡ್ರೈವಿಂಗ್ ಕಲಿತವಳು. ದೀಪಾವಳಿಗೆ ಊರಿಗೆ ಬಂದಾಗ ಅಪ್ಪನ ಗಾಡಿ ಮುಂದೆ ನಿಂತು ಮೂರು ಪೆಡಲ್ ನೋಡಿ ನಕ್ಕಳು. ಅವರಪ್ಪ ನಗಲಿಲ್ಲ.

ಈಗ ಗೇರ್ ಗಾಡಿ ಪರ ಇರೋರ ಬಲವಾದ ವಾದಕ್ಕೆ ಬರ್ತೀನಿ: ಓವರ್‌ಟೇಕ್ ಮತ್ತು ಘಾಟ್. ಇಲ್ಲಿ ಅವರ ಮಾತಿನಲ್ಲಿ ಹುರುಳಿದೆ.

ಡಬಲ್ ಟ್ರೇಲರ್ ದಾಟಬೇಕಂದ್ರೆ ಉದ್ದ ಜಾಗ ಬೇಕು. ಗೇರ್ ಗಾಡಿಯವನು ಥರ್ಡಿಗೆ ಇಳಿಸಿ, ಇಂಜಿನ್ ಕೈಗೆ ಬಂದಮೇಲೆ ಹೊರಗೆ ಬರ್ತಾನೆ. ಎಎಂಟಿಯಲ್ಲಿ ನೀವು ಎಕ್ಸಲೇಟರ್ ಒತ್ತಿ ಹೊರಗೆ ಬಂದಾಗ ನಮ್ಮ ಕಾಣದ ಡ್ರೈವರ್ ಆಗ ವಿಚಾರ ಮಾಡೋಕೆ ಶುರು ಮಾಡ್ತಾನೆ. ಆ ಒಂದು ಸೆಕೆಂಡು, ಎದುರಿಗೆ ಲಾರಿ ಲೈಟ್ ಕಾಣ್ತಿದ್ದಾಗ, ಬಹಳ ಉದ್ದ ಇರುತ್ತೆ. ಉಪಾಯ ಇದೆ. ಎಎಂಟಿಯಲ್ಲಿ ಎಂ ಅಂತ ಮ್ಯಾನುವಲ್ ಮೋಡ್ ಇರುತ್ತೆ. ಟ್ರ್ಯಾಕ್ಟರ್ ಹಿಂದೆ ಇರುವಾಗಲೇ ಅದಕ್ಕೆ ಹಾಕಿ, ಒಂದು ಗೇರ್ ಇಳಿಸಿ, ಆಮೇಲೆ ಹೊರಗೆ ಬನ್ನಿ. ನಾನು ನೋಡಿದ ಎಎಂಟಿ ಮಾಲೀಕರಲ್ಲಿ ಆ ಎಂ ಅಕ್ಷರವನ್ನ ಮುಟ್ಟಿದವರು ಬಹಳ ಕಡಿಮೆ.

ಘಾಟೂ ಹಂಗೇ. ತವಂದಿ ಘಾಟ್ ಇಳಿಯುವಾಗ ಬ್ರೇಕ್ ಫೇಲ್ ಆದ ಲಾರಿಗಳ ಸುದ್ದಿ ನಾವೆಲ್ಲಾ ಓದಿಕೊಂಡೇ ಬೆಳೆದವರು. ಇಳಿಜಾರಿನಲ್ಲಿ ಗಾಡಿಯನ್ನ ಹಿಡಿಯಬೇಕಾದ್ದು ಇಂಜಿನ್, ಬ್ರೇಕ್ ಅದಕ್ಕೆ ಜೊತೆ. ಗೇರ್ ಗಾಡಿಯವರು ಕೆಳಗಿನ ಗೇರಿಗೆ ಹಾಕ್ತಾರೆ. ಆಟೋಮ್ಯಾಟಿಕ್‌ನವರು ಡಿಯಲ್ಲೇ ಬಿಟ್ಟು ಬ್ರೇಕ್ ಮೇಲೆ ಕಾಲಿಟ್ಟು ಕೂತರೆ ಬ್ರೇಕ್ ಕಾಯುತ್ತೆ. ಇಲ್ಲೂ ಎಂ ಅಥವಾ ಎಲ್, ನಿಮ್ಮ ಗಾಡಿಯಲ್ಲಿ ಯಾವುದಿದೆಯೋ ಅದು. ಇನ್ನ ಪೆಟ್ರೋಲ್ ಉಳಿಸೋಕೆ ಅಂತ ನ್ಯೂಟ್ರಲ್ ಮಾಡಿ, ಚಾವಿ ಬಂದ್ ಮಾಡಿ ಇಳಿಯೋ ಮಹಾನುಭಾವರು ಇದ್ದಾರೆ. ಇಂಜಿನ್ ಬಂದ್ ಆದ್ರೆ ಬ್ರೇಕ್ ಕಲ್ಲಿನಂಗ ಗಟ್ಟಿ ಆಗುತ್ತೆ, ಸ್ಟೇರಿಂಗೂ ಗಟ್ಟಿ. ಅದು ಯಾವ ಗಾಡಿಯಲ್ಲೂ ಮಾಡೋ ಕೆಲಸ ಅಲ್ಲ.

ಗೇರ್ ಗಾಡಿಯಿಂದ ಆಟೋಮ್ಯಾಟಿಕ್‌ಗೆ ಬಂದವರಿಗೆ ಇನ್ನೊಂದು. ಎಡಗಾಲನ್ನ ಹಿಂದೆ ಎಳೆದು ಇಡ್ರಿ. ಗಾಬರಿಯಾದಾಗ ಎಡಗಾಲು ಕ್ಲಚ್ ಹುಡುಕುತ್ತೆ, ಸಿಗೋದು ಬ್ರೇಕ್. ಕ್ಲಚ್ ಒತ್ತೋವಷ್ಟು ಜೋರಾಗಿ ಬ್ರೇಕ್ ಒತ್ತಿದರೆ ಹಿಂದಿನವನು ಬಂದು ಗುದ್ದುತ್ತಾನೆ. ಬ್ರೇಕ್, ಎಕ್ಸಲೇಟರ್ ಎರಡೂ ಬಲಗಾಲಿಗೇ. ಡಿಯಲ್ಲಿ ಇಟ್ಟು "ಒಂದ ನಿಮಿಷ" ಅಂತ ಕೆಳಗೆ ಇಳಿದು ಗೇಟ್ ತೆಗೆಯೋಕೆ ಹೋಗಬ್ಯಾಡ್ರಿ, ಬ್ರೇಕ್ ಬಿಟ್ಟರೆ ಗಾಡಿ ತಾನೇ ಮುಂದೆ ಹೋಗುತ್ತೆ. ತೋಟದ ಮನೆ ಗೇಟುಗಳ ಕಥೆ ನಿಮಗೆ ಗೊತ್ತೇ ಇದೆ.

ರಾಡಿಯಲ್ಲಿ ಸಿಕ್ಕಿಬಿದ್ದಾಗ ಗೇರ್ ಗಾಡಿ ಮೇಲು, ಇದನ್ನ ಒಪ್ಪಲೇಬೇಕು. ಮಳೆಗಾಲದಲ್ಲಿ ಎರೆ ಮಣ್ಣಿನ ದಾರಿಯಲ್ಲಿ ಕ್ಲಚ್ ಮೇಲೆ ಹಿಂದೆ-ಮುಂದೆ ತೂಗಿ ಹೊರಗೆ ತರೋ ಕಲೆ ಆಟೋಮ್ಯಾಟಿಕ್‌ನಲ್ಲಿ ಅಷ್ಟು ಸಲೀಸಲ್ಲ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ರಾಡಿಯಿಂದ ನಾಲ್ಕು ಮಾರು ಎಳೆದರೆ ಪರವಾಗಿಲ್ಲ. ಆದರೆ ಕೆಟ್ಟುನಿಂತ ಆಟೋಮ್ಯಾಟಿಕ್ ಗಾಡಿಯನ್ನ ಹಂಗೇ ಹಗ್ಗ ಕಟ್ಟಿ ರಾಯಬಾಗದಿಂದ ಚಿಕ್ಕೋಡಿತನಕ ಎಳೆದರೆ ಗೇರ್‌ಬಾಕ್ಸ್ ಹಾಳಾಗಬಹುದು. ಮುಂದಿನ ಗಾಲಿ ಎತ್ತಿ ಒಯ್ಯಬೇಕು, ಇಲ್ಲಾ ಪೂರ್ತಿ ಗಾಡಿ ಮೇಲೆ ಹೇರಬೇಕು. ಎಳೆಯೋ ಮೊದಲು ಗಾಡಿ ಜೊತೆ ಕೊಟ್ಟ ಪುಸ್ತಕ ತೆಗೆದು ನೋಡ್ರಿ, ಅದು ಡ್ಯಾಶ್‌ಬೋರ್ಡಿನೊಳಗೆ ಕವರ್ ಬಿಚ್ಚದೇ ಇರುತ್ತೆ.

ಮತ್ತ ಆ "ಲೇಡೀಸ್ ಗಾಡಿ" ಮಾತು. ಅಥಣಿಯ ಕಾಕಾನಿಗೆ ನಾನು ಒಂದು ಕೇಳಬೇಕು. ಕಾಕಾ, ನೀವು ಹೊಲಕ್ಕೆ ಹೋಗೋದು ಯಾವ ಗಾಡಿ ಮೇಲೆ? ಟಿವಿಎಸ್ ಎಕ್ಸೆಲ್ ಅಲ್ಲೇನು? ಹಿಂದೆ ಹುಲ್ಲಿನ ಹೊರೆ, ಮುಂದೆ ಗೊಬ್ಬರದ ಚೀಲ, ಪಕ್ಕದಲ್ಲಿ ಹಾಲಿನ ಕ್ಯಾನು. ಅದರಲ್ಲಿ ಕ್ಲಚ್ ಎಲ್ಲಿದೆ, ಗೇರ್ ಎಲ್ಲಿದೆ? ಅದರ ಮುತ್ತಜ್ಜ ಟಿವಿಎಸ್ 50, 1980ರಲ್ಲಿ ಬಂದದ್ದು. ಅಂದ್ರೆ ನಮ್ಮ ರೈತರು ನಲವತ್ತು ವರ್ಷಕ್ಕೂ ಮೇಲಿಂದ ಆಟೋಮ್ಯಾಟಿಕ್ ಓಡಿಸ್ತಾ ಇದ್ದಾರೆ, ಹೆಸರು ಮಾತ್ರ ಹೇಳಿಲ್ಲ. ಗೇರ್ ಇಲ್ಲದ ಸ್ಕೂಟರ್ ಕೈನೆಟಿಕ್ ಹೋಂಡಾ 1984ರಲ್ಲಿ ಬಂತು, ಆಮೇಲೆ ಆಕ್ಟಿವಾ. ಅವನ್ನೂ ಹುಡುಗಿಯರ ಗಾಡಿ ಅಂದರು. ಇವತ್ತು ನಿಪ್ಪಾಣಿ ಸಂತೆ ದಿನ ನಿಂತು ನೋಡ್ರಿ, ಆಕ್ಟಿವಾ ಮೇಲೆ ಮೀಸೆ ಎಷ್ಟು, ಜಡೆ ಎಷ್ಟು ಅಂತ.

ದೊಡ್ಡ ಮಂದಿಯ ಗಾಡಿ ನೋಡಿದರೂ ಅಷ್ಟೇ. ನಮ್ಮ ಕಡೆ ಬಿಳಿ ಇನ್ನೋವಾ ಅಂದ್ರೆ ಗತ್ತು. ಅದರಲ್ಲಿ ಈಗ ಎರಡು ದಾರಿ. ಡೀಸೆಲ್ ಕ್ರಿಸ್ಟಾ 2023ರಲ್ಲಿ ವಾಪಸ್ ಬಂದಾಗ ಗೇರ್‌ನಲ್ಲಿ ಮಾತ್ರ ಬಂತು. ಹೊಸ ಹೈಕ್ರಾಸ್ ಆಟೋಮ್ಯಾಟಿಕ್‌ನಲ್ಲಿ ಮಾತ್ರ. ಹೈಕ್ರಾಸ್‌ನಲ್ಲಿ ಬಂದು ಇಳಿದವರನ್ನ ಯಾರೂ ಲೇಡೀಸ್ ಗಾಡಿಯಲ್ಲಿ ಬಂದ್ರು ಅನ್ನಲ್ಲ. ಇಪ್ಪತ್ತು ಲಕ್ಷ ದಾಟಿದರೆ ಗಾಡಿಯ ಜಾತಿ ಯಾರೂ ಕೇಳಂಗಿಲ್ಲ ಅಂತ ಕಾಣುತ್ತೆ. ಎಲೆಕ್ಟ್ರಿಕ್ ಗಾಡಿಗೆ ಬಂದ್ರೆ ಕ್ಲಚ್ಚೇ ಇಲ್ಲ, ಈ ಜಗಳವೇ ಇಲ್ಲ. ಚಿಕ್ಕೋಡಿ ಜಿಲ್ಲೆ ಆಗೋದು ಮೊದಲೋ, ಇಲ್ಲಿ ಗೇರ್ ಗಾಡಿ ಮುಗಿಯೋದು ಮೊದಲೋ ಅಂತ ಬೇಕಾದ್ರೆ ಪಂದ್ಯ ಕಟ್ಟಬಹುದು.

ಸೆಕೆಂಡ್ ಹ್ಯಾಂಡ್ ಬಗ್ಗೆ ಒಂದೇ ಮಾತು. ಕೊಲ್ಲಾಪುರ, ಪುಣೆಯಿಂದ ಎಂಎಚ್ ಪಾಸಿಂಗ್ ಆಟೋಮ್ಯಾಟಿಕ್ ಅಗ್ಗ ಸಿಗ್ತು ಅಂತ ತರೋರು, ಇಲ್ಲಿಯ ಲೈಫ್ ಟ್ಯಾಕ್ಸನ್ನೂ ಸೇರಿಸಿ ಲೆಕ್ಕ ಹಾಕ್ರಿ. ಹನ್ನೆರಡು ತಿಂಗಳಿಗಿಂತ ಜಾಸ್ತಿ ಇಲ್ಲೇ ಇಟ್ಟುಕೊಂಡ್ರೆ ಕೆಎ ನಂಬರ್ ಮಾಡಿಸಲೇಬೇಕು. ಎಎಂಟಿ ಆದ್ರೆ ಕ್ಲಚ್ ಪ್ಲೇಟ್ ಯಾವಾಗ ಬದಲಿಸಿದ್ದು ಅಂತ ಕೇಳ್ರಿ. "ಆಟೋಮ್ಯಾಟಿಕ್‌ದಾಗ ಕ್ಲಚ್ ಇರಂಗಿಲ್ರಿ" ಅಂತ ಮಾರೋನು ಅಂದ್ರೆ, ನಮಸ್ಕಾರ ಮಾಡಿ ಎದ್ದು ಬರ್ರಿ.

ಅಥಣಿಯ ತಮ್ಮಾ, ನಿನಗೆ. ನಿನ್ನ ವಾಯ್ಸ್ ನೋಟಿನಲ್ಲಿ ನೀನು, ಅಪ್ಪ, ಕಾಕಾ ಮೂರು ಮಂದಿ ಇದ್ದೀರಿ. ಅವ್ವ ಏನಂದ್ಲು ಅಂತ ಇಲ್ಲ. ಮನೆಯಲ್ಲಿ ನೀವು ಗಂಡಸರು ಮೂವರೂ ಗೇರ್ ಓಡಿಸ್ತೀರಿ, ಮನೆಯಲ್ಲೇ ಇರ್ತೀರಿ, ಬೇರೆ ಯಾರೂ ಓಡಿಸೋರಿಲ್ಲ ಅಂದ್ರೆ ಅಪ್ಪ ಹೇಳಿದ್ದೇ ಸರಿ, ಆ 55,000 ಉಳಿಸು. ಅವ್ವನೋ ವೈನಿಯೋ ಕಲಿಯೋರಿದ್ದಾರೆ ಅಂದ್ರೆ ಎಎಂಟಿ ನೋಡು, ಹಿಲ್ ಹೋಲ್ಡ್ ಇರೋದೇ ತಗೋ. ಏರಿನಲ್ಲಿ ಬ್ರೇಕ್ ಬಿಟ್ಟಮೇಲೂ ಒಂದೆರಡು ಸೆಕೆಂಡ್ ಗಾಡಿಯನ್ನ ಹಿಂದೆ ಜಾರದಂಗ ಹಿಡಿಯುತ್ತೆ ಅದು. ಟೆಸ್ಟ್ ಡ್ರೈವ್ ಶೋರೂಮಿನವರು ಹೇಳಿದ ಸಪಾಟ ರಸ್ತೆಯಲ್ಲಿ ಬೇಡ. ನಿಮ್ಮ ಮನೆತನಕ ತರಿಸು, ನಿಮ್ಮ ದಾರಿಯ ಏರಿನ ನಟ್ಟ ನಡುವೆ ನಿಲ್ಲಿಸಿ ಮತ್ತೆ ಎತ್ತು. ಆ ಹೊತ್ತಿಗೆ ಸ್ಟೇರಿಂಗ್ ಮುಂದೆ ನೀನಿರಬ್ಯಾಡ, ಅವ್ವನ್ನ ಕೂಡಿಸು. ಕಾಕಾನ್ನ ಹಿಂದಿನ ಸೀಟಿಗೆ ಕೂಡಿಸು.

ಏನಾಯ್ತು ಅಂತ ವಾಯ್ಸ್ ನೋಟ್ ಹಾಕು. ಕಾಕಾನ ಧ್ವನಿನೂ ಇರಲಿ ಅದರಾಗ. ಬರ್ತೀನ್ರಿ.